ಗೋಡೆ ತಟ್ಟಿ ನೋಡುವವರು

ಕುಂದಾಪುರ ಕಡೆಯ ಗುಲ್ವಾಡಿಯ ಹೆಸರು ಊರಿಗಿಂತ ದೂರ ಹೋಗಿದೆ. 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿಯನ್ನು ಕನ್ನಡಕ್ಕೆ ಕೊಟ್ಟ ವೆಂಕಟರಾಯರ ಹೆಸರಿನ ಮೊದಲಿಗೆ ಈ ಊರಿದೆ, ‘ತರಂಗ’ ವಾರಪತ್ರಿಕೆಯ ಸಂಪಾದಕರಾಗಿದ್ದ ಸಂತೋಷಕುಮಾರರ ಹೆಸರಿನ ಕೊನೆಗೂ ಇದೆ. ಹೊರಟವರು ಊರನ್ನು ಹೆಸರಿನೊಳಗೆ ಇಟ್ಟುಕೊಂಡು ಹೋದರು. ಮನೆಗಳು ಮಾತ್ರ ಇಲ್ಲೇ ಉಳಿದವು. ವಾರಾಹಿ ಹೊಳೆಯ ಆಚೀಚೆ, ಸೌಕೂರು ದುರ್ಗಾಪರಮೇಶ್ವರಿಯ ಗುಡಿಗೆ ಹೋಗುವ ದಾರಿಯಲ್ಲಿ, ತೆಂಗು ಅಡಿಕೆಯ ನಡುವೆ, ಹಂಚಿನ ಮಾಡು ಇಳಿಬಿಟ್ಟುಕೊಂಡು ಬೀಗ ಹಾಕಿಸಿಕೊಂಡ ಮನೆಗಳು. ಮಕ್ಕಳು ಬೆಂಗಳೂರಿನ ಹೋಟೆಲಿನಲ್ಲಿ, ಮುಂಬಯಿಯಲ್ಲಿ, ದುಬೈಯಲ್ಲಿ ಇರುತ್ತಾರೆ. ವರ್ಷಕ್ಕೊಮ್ಮೆ ಹಬ್ಬಕ್ಕೋ ನಾಗನಿಗೆ ತನು ಹಾಕುವುದಕ್ಕೋ ಬೀಗ ತೆಗೆಯುತ್ತದೆ. ಕೊನೆಗೊಂದು ದಿನ ಆ ಮನೆ ಮಾರಾಟಕ್ಕೆ ಬರುತ್ತದೆ. ಕೊಳ್ಳುವವನೂ ಹೆಚ್ಚಾಗಿ ದೂರದಲ್ಲೇ ಇರುವವನು. ಬ್ರೋಕರ್ ಮೊಬೈಲ್ ಹಿಡಿದು ಕೋಣೆ ಕೋಣೆ ತೋರಿಸುತ್ತಾನೆ, ಇವನು ಅಲ್ಲಿಂದಲೇ ತಲೆಯಾಡಿಸುತ್ತಾನೆ.

ಅಂಥದೊಂದು ಮನೆ ಕೊಳ್ಳಲು ಹೊರಟ ನನ್ನ ಚಿಕ್ಕಪ್ಪನ ಮಗ ತಲೆಯಾಡಿಸುವ ಮೊದಲು ನನಗೆ ಫೋನ್ ಮಾಡಿದ. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ನಮ್ಮ ಮನೆಯವರೇ ಬೇರೆ ಕಡೆ ಒಂದು ಮನೆಯನ್ನು ಏಪ್ರಿಲ್ ತಿಂಗಳಲ್ಲಿ ನೋಡಿ ಮೆಚ್ಚಿ ಕೊಂಡಿದ್ದರು. ಹೊಸ ಬಣ್ಣ, ಹೊಸ ಬಾಗಿಲು, ಒರೆಸಿಟ್ಟ ನೆಲ. ಜುಲೈ ಎರಡನೇ ವಾರಕ್ಕೆ ಮಲಗುವ ಕೋಣೆಯ ಪಡುಗೋಡೆ ನೆಲದಿಂದ ಎದೆಯೆತ್ತರದ ತನಕ ಕಪ್ಪಾಯಿತು. ಆ ವರ್ಷ ಇಡೀ ಮಳೆಗಾಲ ಅತ್ತೆಗೆ ಉಬ್ಬಸ. ದುಡ್ಡು ಹೋದದ್ದು ದೊಡ್ಡದಲ್ಲ, ಆಕೆ ರಾತ್ರಿಯಿಡೀ ಎದ್ದು ಕೂರುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಹಾಗಾಗಿ ಈ ಸಲ ಮನೆ ನೋಡುವುದನ್ನೇ ಕಸುಬು ಮಾಡಿಕೊಂಡ ಒಬ್ಬ ಸಿವಿಲ್ ಇಂಜಿನಿಯರರನ್ನು, ಜೊತೆಗೆ ನಮ್ಮ ಮನೆತನದ ಮರಗೆಲಸ ಮಾಡಿಕೊಂಡು ಬಂದ ಆಚಾರ್ರನ್ನು ಕರೆದುಕೊಂಡು ಗುಲ್ವಾಡಿಗೆ ಹೋದೆ.

ಹೀಗೆ ಮನೆ ನೋಡುವ ಕಸುಬಿಗೆ ಹೋಮ್ ಇನ್‌ಸ್ಪೆಕ್ಷನ್ ಎನ್ನುತ್ತಾರೆ. ಅದು ಏನು ಎನ್ನುವುದಕ್ಕಿಂತ ಏನಲ್ಲ ಎನ್ನುವುದನ್ನು ಮೊದಲು ಹೇಳಬೇಕು. ಮನೆ ಕೊಳ್ಳುವಾಗ ನಾವು ವಕೀಲರ ಹತ್ತಿರ ಹೋಗುತ್ತೇವೆ. ಅವರು ಪಹಣಿ, ಇ.ಸಿ., ಕನ್ವರ್ಷನ್, ಪಂಚಾಯಿತಿಯ ನಮೂನೆ 9 ಮತ್ತು 11 ನೋಡುತ್ತಾರೆ. ಸಾಲ ಬೇಕಿದ್ದರೆ ಬ್ಯಾಂಕಿನ ಕಡೆಯಿಂದ ಇಂಜಿನಿಯರ್ ಬರುತ್ತಾರೆ. ಅವರು ನೋಡುವುದು ಆ ಆಸ್ತಿ ಎಷ್ಟು ಬೆಲೆ ಬಾಳುತ್ತದೆ ಎಂಬುದನ್ನು. ಜೋಯಿಸರ ಹತ್ತಿರ ಪ್ರಶ್ನೆ ಇಡಿಸುತ್ತೇವೆ, ನಾಗ ದೈವದ ವಿಚಾರ ತಿಳಿದುಕೊಳ್ಳುತ್ತೇವೆ. ಇಷ್ಟೆಲ್ಲ ಆದ ಮೇಲೂ ಗೋಡೆ ಹೇಗಿದೆ, ಮಾಡು ಹೇಗಿದೆ, ವಯರಿಂಗ್ ಹೇಗಿದೆ ಎಂದು ಯಾರೂ ನೋಡಿರುವುದಿಲ್ಲ. ಆ ಜಾಗದಲ್ಲಿ ಬಂದು ನಿಲ್ಲುವವರು ಈ ಇನ್‌ಸ್ಪೆಕ್ಷನಿನವರು. ವ್ಯಾಪಾರ ಕುದುರಿದರೂ ಮುರಿದರೂ ಇವರಿಗೆ ಬರುವ ಫೀಸು ಅಷ್ಟೇ. ಈ ಕಸುಬಿನ ಜೀವ ಇರುವುದೇ ಅದರಲ್ಲಿ. ಬ್ರೋಕರನೇ ಕರೆತಂದವರನ್ನು, ಹಾಳಾದದ್ದನ್ನು ತೋರಿಸಿ ಅದರ ರಿಪೇರಿ ಕಂಟ್ರಾಕ್ಟನ್ನೂ ತಾನೇ ಕೇಳುವವರನ್ನು ನಾನಂತೂ ಒಪ್ಪುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸದವರು 1976ರಲ್ಲೇ ಸೇರಿ ಒಂದು ಸಂಘ ಕಟ್ಟಿಕೊಂಡರು. ಅಲ್ಲಿ ಈಗ ಇನ್‌ಸ್ಪೆಕ್ಷನ್ ಮಾಡಿಸದೆ ಮನೆ ಕೊಳ್ಳುವವರು ಕಡಿಮೆ. ಅಲ್ಲಿದ್ದು ಬಂದ ನಮ್ಮವರೇ ಇಲ್ಲಿಯೂ ಅದನ್ನು ಕೇಳತೊಡಗಿದರು. ಬೆಂಗಳೂರಿನಂಥ ನಗರಗಳಲ್ಲಿ ಇದಕ್ಕೆಂದೇ ಸಂಸ್ಥೆಗಳಿವೆ, ಹೆಚ್ಚಿನ ಕೆಲಸ ಹೊಸ ಫ್ಲ್ಯಾಟುಗಳದ್ದು. ನಮ್ಮ ದೇಶದಲ್ಲಿ ಇದಕ್ಕೆ ಸರಕಾರದ ಲೈಸೆನ್ಸ್ ಎಂಬುದಿಲ್ಲ. ಆದ್ದರಿಂದ ಕರೆಯುವ ಮುಂಚೆ ಅವರು ಬರೆದ ಹಳೆಯ ವರದಿಯೊಂದನ್ನು ಕೇಳಿ ಓದಿ ನೋಡುವುದು ಒಳ್ಳೆಯದು.

ಇಂಜಿನಿಯರರು ಅರ್ಧ ಗಂಟೆಯಾದರೂ ಮನೆಯೊಳಗೆ ಕಾಲಿಡಲಿಲ್ಲ. ಸುತ್ತು ಬಂದರು. ಅಂಗಳದ ಇಳಿಜಾರು ಯಾವ ಕಡೆಗಿದೆ, ಮಾಡಿನ ನೀರು ಬೀಳುವ ಜಾಗ ಪಂಚಾಂಗದಿಂದ ಎಷ್ಟು ದೂರ, ಹಿಂದಿನ ದರೆಯ ನೀರು ಎಲ್ಲಿಗೆ ಹೋಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ನಾಲ್ಕು ತಿಂಗಳಲ್ಲಿ, ಅದೂ ಪಡುಗಾಳಿಯ ಜೊತೆ ಓರೆಯಾಗಿ ಹೊಡೆಯುವ ಮಳೆ. ಹಿಂದಿನವರು ಪಡು ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ. ಗೋಡೆಯೆಲ್ಲ ಕೆಂಪುಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಒಳ್ಳೆಯ ಕಲ್ಲು ತಲೆಮಾರು ತಲೆಮಾರು ಬಾಳುತ್ತದೆ. ಆದರೆ ಅದರ ಮೈತುಂಬ ರಂಧ್ರ, ನೀರನ್ನು ಬತ್ತಿಯ ಹಾಗೆ ಮೇಲಕ್ಕೆಳೆಯುತ್ತದೆ. ಹಳೆಯ ಚಿಪ್ಪಿಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತಿತ್ತು. ಅದರ ಮೇಲೆ ಈಗಿನವರು ಸಿಮೆಂಟ್ ಬಳಿದು, ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಇಂಜಿನಿಯರರು ತೇವ ಅಳೆಯುವ ಮೀಟರಿನ ಎರಡು ಸೂಜಿಗಳನ್ನು ಹೊಸ ಬಣ್ಣದ ಮೇಲೆ ಅಲ್ಲಲ್ಲಿ ಒತ್ತಿದರು. ಮೇ ತಿಂಗಳ ಬಿಸಿಲಿನಲ್ಲೂ ಒಂದು ಮೂಲೆಯಲ್ಲಿ ಅಂಕೆ ಏರಿತು. ಆ ಮೂಲೆಯ ಹೊರಗೆ ಬಚ್ಚಲ ನೀರಿನ ತೋಡಿತ್ತು.

ಮರದ ವಿಷಯ ಬಂದಾಗ ಅವರು ಹಿಂದೆ ಸರಿದು ಆಚಾರ್ರಿಗೆ ದಾರಿ ಬಿಟ್ಟರು. ಅದು ನನಗೆ ತುಂಬ ಹಿಡಿಸಿತು. ಆಚಾರ್ರು ಏಣಿ ಹತ್ತಿ, ಉಳಿಯ ಹಿಡಿಯಿಂದ ತೊಲೆಯನ್ನು ಮೊಳಕ್ಕೊಂದು ಸಲ ತಟ್ಟುತ್ತ ಹೋದರು. ಗಟ್ಟಿ ಮರ ತಟ್ಟಿದರೆ ದನಿ ಕೈಗೆ ತಿರುಗಿ ಬರುತ್ತದೆ, ಒಳಗೆ ತಿಂದು ಹೋಗಿದ್ದರೆ ದನಿ ಅಲ್ಲೇ ಸಾಯುತ್ತದೆ. ಕಿರಾಲುಬೋಗಿಯ ತೊಲೆಗಳೆಲ್ಲ ಸೈ. ಆದರೆ ಗೋಡೆಯೊಳಗೆ ಹೂತ ಒಂದು ತುದಿಯಲ್ಲಿ ಆಚಾರ್ರ ಕೈ ನಿಂತಿತು. ಉಳಿ ಚುಚ್ಚಿದರೆ ಎರಡು ಅಂಗುಲ ಒಳಗೆ ಹೋಯಿತು. ಪಕಾಸುಗಳಲ್ಲಿ ಮೂರು, ರೀಪುಗಳಲ್ಲಿ ಸುಮಾರಷ್ಟು ಬದಲಾಗಬೇಕು. ಹಂಚಿನದ್ದು ಚಿಂತೆಯಿಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಶುರು ಮಾಡಿದ ಹಂಚಿನ ಉದ್ಯಮ ಕುಂದಾಪುರದ ನದೀತೀರಕ್ಕೂ ಹಬ್ಬಿತು. ಆ ಕಾಲದ ಅಳತೆಗೆ ಹೊಂದುವ ಹಂಚು ಈಗಲೂ ಹಳೆಮನೆ ಬಿಚ್ಚುವ ಕಡೆ ಸಿಗುತ್ತದೆ.

ಮೇಲಿನಿಂದಲೇ ಆಚಾರ್ರು ಕೇಳಿದರು: “ಈ ಮನ್ಯಗೆ ಒಲಿ ಹೊತ್ಸದೆ ಎಷ್ಟ್ ವರ್ಷ ಆಯ್ತ್?”

ಅದು ಯಾವ ಉಪಕರಣವೂ ಕೇಳದ ಪ್ರಶ್ನೆ. ಸೌದೆ ಒಲೆಯ ಹೊಗೆ ಅಟ್ಟಕ್ಕೇರಿ, ಹಂಚಿನ ಸಂದಿಯಿಂದ ಹೊರಹೋಗುವಾಗ ಪಕಾಸು ರೀಪುಗಳಿಗೆಲ್ಲ ಮಸಿ ಬಳಿದು ಹೋಗುತ್ತಿತ್ತು. ಮರ ಬೆಚ್ಚಗಿರುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂದಾಗ ಅರ್ಧ ಹೊಗೆ ನಿಂತಿತು, ಬೀಗ ಬಿದ್ದಾಗ ಪೂರ್ತಿ ನಿಂತಿತು. ಜನರಿರುವ ಮನೆ ನೂರು ವರ್ಷ ಬಾಳಿದರೆ ಅದೇ ಮರದ, ಅದೇ ಕಲ್ಲಿನ ಬೀಗದ ಮನೆ ಹತ್ತು ಮಳೆಗಾಲಕ್ಕೆ ಬಾಗುತ್ತದೆ. ಗೆದ್ದಲು ಕತ್ತಲೆ, ತೇವ, ಸದ್ದಿಲ್ಲದ ಜಾಗ ಹುಡುಕುತ್ತದೆ, ನಾವು ಮೂರನ್ನೂ ಒಟ್ಟಿಗೆ ಒದಗಿಸಿಕೊಟ್ಟು ಊರು ಬಿಟ್ಟಿದ್ದೇವೆ. ದೂರದಲ್ಲಿರುವ ಒಡೆಯರು ಮನೆ ಮಾರದಿದ್ದರೂ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಬೇಕು ಎಂದು ನಾನು ಹೇಳುವುದು ಇದಕ್ಕೆ. ಹಿಂದೆ ಮಳೆಗೆ ಮುಂಚೆ ಹಂಚು ಕೈಯಾಡಿಸುವವರು ಬರುತ್ತಿದ್ದರಲ್ಲ, ಅವರು ಮಾಡು ಹತ್ತಿದಾಗ ಆಗುತ್ತಿದ್ದದ್ದು ಇದೇ ತಪಾಸಣೆ.

ಮರದ ಮನೆಯನ್ನು ಎಷ್ಟು ಆಳಕ್ಕೆ ಓದಬಹುದು ಎಂದು ತಿಳಿಯಬೇಕಾದರೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಬೇಕು. ವಿಜಯನಾಥ ಶೆಣೈಯವರು ಕೆಡವಿ ಹೋಗಲಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ನಮ್ಮ ಕುಂದಾಪುರ ಕಡೆಯ ಹರ್ಕೂರು ಒಳಗಿನಮನೆ ಅವುಗಳಲ್ಲೊಂದು. ಕಂಬ, ಬೋದಿಗೆ, ತೊಲೆ ಒಂದೊಂದನ್ನೂ ಪರೀಕ್ಷಿಸದೆ, ಯಾವುದು ಯಾವುದರ ಭಾರ ಹೊತ್ತಿದೆ ಎಂದು ಅರಿಯದೆ ಅಂಥ ಕೆಲಸಕ್ಕೆ ಕೈ ಹಾಕುವಂತೆಯೇ ಇಲ್ಲ.

ಗುಲ್ವಾಡಿಯ ಆ ಮನೆಯ ಹಿಂಬದಿಗೆ ಸೇರಿಸಿ ಕಟ್ಟಿದ ಎರಡು ಕಾಂಕ್ರೀಟು ಕೋಣೆಗಳಿದ್ದವು. ತಾರಸಿಯ ಮೇಲೆ ಶೀಟಿನ ಚಪ್ಪರ. ಇಂಜಿನಿಯರರು ಚಪ್ಪರ ಕಂಡದ್ದೇ, “ಇದು ಅಡಿಕೆ ಒಣಗಿಸುವುದಕ್ಕೋ, ಸೋರುವುದನ್ನು ಮುಚ್ಚುವುದಕ್ಕೋ?” ಎಂದರು. ಕರಾವಳಿಯಲ್ಲಿ ಮನೆ ಕೊಳ್ಳುವ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆ. ಕೋಣೆಯೊಳಗೆ ಸ್ಲ್ಯಾಬಿನ ಅಡಿಯಲ್ಲಿ ನೇರ ಗೆರೆ ಎಳೆದ ಹಾಗೆ ಬಿರುಕು. ಸುತ್ತಿಗೆಯಿಂದ ತಟ್ಟಿದಾಗ ಪೊಳ್ಳು ದನಿ. ಉಪ್ಪುಗಾಳಿಯೋ, ಉಪ್ಪುನೀರಿನ ಅಳಿವೆಯಿಂದ ತೆಗೆದ ಹೊಯ್ಗೆಯೋ ಕಾಂಕ್ರೀಟಿಗೆ ಸೇರಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಸೀಳಿ ಹೊರಬರುತ್ತದೆ. ನಮ್ಮ ಕಾಂಕ್ರೀಟು ಸಂಹಿತೆ ಐಎಸ್ 456 ಕಡಲ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿನಲ್ಲಿ ಸರಳುಗಳ ಮೇಲೆ 45 ಮಿ.ಮೀ. ಹೊದಿಕೆ ಇರಬೇಕೆನ್ನುತ್ತದೆ. ಇಲ್ಲಿ ಉದುರಿದ ಕಡೆ ಅಳೆದರೆ ಹೆಬ್ಬೆರಳಿನ ದಪ್ಪವೂ ಇರಲಿಲ್ಲ. ನೂರು ವರ್ಷದ ಮುಂಬದಿ ಗಟ್ಟಿಯಾಗಿದ್ದು, ನಿನ್ನೆ ಮೊನ್ನೆಯ ಹಿಂಬದಿ ಸೋತಿತ್ತು.

ವಯರಿಂಗಿನ ತಪಾಸಣೆಗೆ ಹೊತ್ತು ಹಿಡಿಯಲಿಲ್ಲ. ಅರ್ತ್ ಪೈಪಿನ ತಂತಿ ಕಡಿದೇ ಹೋಗಿತ್ತು. ಸೋರುವ ಕರೆಂಟನ್ನು 30 ಮಿಲಿಆಂಪಿಯರಿಗೇ ಕಡಿಯುವ ಆರ್‌ಸಿಸಿಬಿ ಇರಲಿಲ್ಲ. ಗೋಡೆ ಒದ್ದೆಯಾಗುವ ಊರಿನಲ್ಲಿ ಅದಿಲ್ಲದೆ ಒಂದು ದಿನವೂ ವಾಸ ಮಾಡಬಾರದು.

ಬಾವಿಯ ಹತ್ತಿರ ಮಾತ್ರ ನಿಧಾನಿಸಿದರು. ನೀರೆಷ್ಟು ಎಂದು ತಿಳಿಯಲು ಮೇ ತಿಂಗಳೇ ಸರಿ. ಪಂಪು ಹಾಕಿ ಎತ್ತಿ, ಮತ್ತೆ ಎಷ್ಟು ಹೊತ್ತಿಗೆ ಒಸರು ತುಂಬುತ್ತದೆ ಎಂದು ಗಡಿಯಾರ ನೋಡಿದರು. ನೀರಿನ ಮಾದರಿ ಬಾಟಲಿಗೆ ಹೋಯಿತು, ಉಪ್ಪು, ಕಬ್ಬಿಣದಂಶ ಮತ್ತು ಕೋಲಿಫಾರ್ಮ್ ನೋಡಲಿಕ್ಕೆ. ಆಮೇಲೆ ಟೇಪು ಹಿಡಿದು ಶೌಚದ ಗುಂಡಿಯಿಂದ ಬಾವಿಗೆ ಅಳೆದರು. ಇಂಗುಗುಂಡಿ ಕುಡಿಯುವ ನೀರಿನಿಂದ 18 ಮೀಟರ್ ದೂರ ಇರಬೇಕೆಂಬುದು ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ. ಇಲ್ಲಿದ್ದದ್ದು ಒಂಬತ್ತೂವರೆ. ರಂಧ್ರಗಳಿರುವ ಕೆಂಪುಕಲ್ಲಿನ ನೆಲದಲ್ಲಿ ಇದನ್ನು ಸಣ್ಣ ವಿಷಯವೆಂದು ಬಿಡಲಾಗದು. ಗುಂಡಿಯನ್ನು ಸ್ಥಳಾಂತರಿಸುವ ಖರ್ಚು ವರದಿಯಲ್ಲಿ ಮೊದಲ ಸಾಲಿಗೆ ಬಂತು.

ಮಾರುವವರಿಗೆ ಈ ತಪಾಸಣೆ ಕಂಡರೆ ಭಯ. ಭಯಪಡಬೇಕಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ನು, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ಕಾಣಿಸದ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕು ಎನ್ನುತ್ತದೆ. ಮುಂಚೆಯೇ ತಪಾಸಣೆ ಮಾಡಿಸಿ ವರದಿಯನ್ನು ಮೇಜಿನ ಮೇಲಿಟ್ಟರೆ ಆಮೇಲೆ ಮಾತು ಕೇಳುವ ಪ್ರಸಂಗ ಬರುವುದಿಲ್ಲ, ಸುಮ್ಮನೆ ಬೆಲೆ ಇಳಿಸುವವರ ಬಾಯಿಯೂ ಕಟ್ಟುತ್ತದೆ. ಹೊಸ ಫ್ಲ್ಯಾಟು ಕೊಂಡವರಿಗೆ 2016ರ ರೇರಾ ಕಾಯ್ದೆಯ ಆಸರೆಯಿದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ಬಿಲ್ಡರನ ಗಮನಕ್ಕೆ ತಂದರೆ 30 ದಿನದೊಳಗೆ ಅವನ ಖರ್ಚಿನಲ್ಲೇ ಸರಿಪಡಿಸಬೇಕು. ಐದನೇ ವರ್ಷ ಮುಗಿಯುವ ಮುಂಚೆ ಒಂದು ತಪಾಸಣೆ ಮಾಡಿಸಿಕೊಂಡರೆ ಆ ಹಕ್ಕು ಉಪಯೋಗಕ್ಕೆ ಬರುತ್ತದೆ. ಹಳೆಯ ಒಂಟಿ ಮನೆ ಕೊಳ್ಳುವವನಿಗೆ ಈ ಆಸರೆಯೂ ಇಲ್ಲ, ಅವನು ಕೊಳ್ಳುವ ಮೊದಲೇ ನೋಡಬೇಕು.

ನಾಲ್ಕು ತಾಸಿನ ಕೆಲಸ, ಮೂರು ದಿನದಲ್ಲಿ ಫೋಟೋಗಳಿರುವ ವರದಿ. ಕೂಡಲೇ ಆಗಬೇಕಾದದ್ದು, ವರ್ಷದೊಳಗೆ ಆಗಬೇಕಾದದ್ದು, ಕಣ್ಣಿಟ್ಟಿರಬೇಕಾದದ್ದು ಎಂದು ವಿಂಗಡಿಸಿದ್ದರು. ಕೊಳ್ಳಿ, ಬಿಡಿ ಎಂದು ಎಲ್ಲಿಯೂ ಬರೆದಿರಲಿಲ್ಲ. ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಫೋನ್ ಮಾಡಿ ಅದನ್ನೇ ಕೇಳಿದ. “ಅದು ನೀವು ನಿರ್ಧರಿಸುವುದು. ನಾನು ಇನ್ನೂ ಅರ್ಧ ಮನೆಯನ್ನಷ್ಟೇ ನೋಡಿದ್ದೇನೆ” ಎಂದರು ಇಂಜಿನಿಯರರು. ಆಚಾರ್ರು ಅಂಗಳದಲ್ಲಿ ಕೈ ತೊಳೆಯುತ್ತ ಅದನ್ನೇ ಅವರ ಭಾಷೆಯಲ್ಲಿ ಹೇಳಿದ್ದರು: “ಬಾಮಿ ಬೇಸಗಿಯಗ್ ಕಾಣ್ಕ್, ಮನಿ ಮಳಿಗಾಲ್ದಗ್ ಕಾಣ್ಕ್ ಮಾರ್ರೆ.”

ಮಾರುವವರು ಒಳ್ಳೆಯವರು, ಮಳೆಗಾಲ ಕಳೆಯುವ ತನಕ ಕಾಯಲು ಒಪ್ಪಿದರು. ಚಾವಡಿಯ ಬಾಗಿಲ ಮೇಲೆ ಒಂದು ಓರೆ ಬಿರುಕಿತ್ತು. ಅದು ಹಳೆಯದಾಗಿ ನಿಂತದ್ದೋ, ಪಂಚಾಂಗ ಕುಸಿಯುತ್ತ ಈಗಲೂ ಬೆಳೆಯುತ್ತಿರುವುದೋ ಎಂದು ಒಂದೇ ದಿನದಲ್ಲಿ ಹೇಳಲಾಗದು. ಹೊರಡುವ ಮುಂಚೆ ಇಂಜಿನಿಯರರು ಬಿರುಕಿಗೆ ಅಡ್ಡವಾಗಿ ಎರಡು ಕಡೆ ಪ್ಲಾಸ್ಟರಿನ ಸಣ್ಣ ಪಟ್ಟಿ ಹಚ್ಚಿ, ಅದರ ಮೇಲೆ ಪೆನ್ಸಿಲಿನಲ್ಲಿ ಆ ದಿನದ ತಾರೀಕು ಬರೆದರು. ಗೋಡೆ ಕೂದಲೆಳೆಯಷ್ಟು ಸರಿದರೂ ಪಟ್ಟಿ ಸೀಳುತ್ತದೆ. ಸೋಣೆ ತಿಂಗಳು ಕಳೆದ ಮೇಲೆ ಬೀಗ ತೆಗೆದು ನೋಡಲು ನಾನು ಹೋಗಬೇಕು.