ದಿಲ್ಲಿಗೆ ಹತ್ತು ರೂಪಾಯಿಯ ಪ್ರಶ್ನೆ

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಟಾರ ಕಟ್ಟಿಕೊಂಡರೆ ಯಾರ ಬಾಗಿಲು ಬಡಿಯಬೇಕೆಂದು ಎಲ್ಲರಿಗೂ ಗೊತ್ತು. ಕಾರ್ಪೊರೇಟರ್ ಇದ್ದಾರೆ, ಪಾಲಿಕೆ ಇದೆ. ನಿವೃತ್ತಿಯಾದ ಮೇಲೆ ಪಿಎಫ್ ಹಣ ಬರದಿದ್ದರೆ? ಬೈಪಾಸ್ ಕೆಲಸ ನಿಂತಲ್ಲೇ ನಿಂತರೆ? ರೈಲ್ವೆಯವರು ಜಾಗ ತೆರವು ಮಾಡಿ ಎಂದು ನೋಟಿಸ್ ಅಂಟಿಸಿದರೆ? ‘ಅದು ಸೆಂಟ್ರಲ್ ಗವರ್ನಮೆಂಟಿಂದು, ನಮ್ಮ ಕೈಯಾಗ ಇಲ್ಲರಿ’ ಎಂಬ ಉತ್ತರ ಸಿಗುತ್ತದೆ. ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಾರೆ. ಸುಮ್ಮನಾಗುವ ಅಗತ್ಯವಿಲ್ಲ. ಕೇಂದ್ರ ಸರ್ಕಾರದಿಂದ ಬರಹದಲ್ಲಿ ಉತ್ತರ ಪಡೆಯುವ ಹಕ್ಕು ನಿಮಗಿದೆ. ಅದೂ ಕನ್ನಡದಲ್ಲೇ ಕೇಳಬಹುದು.

ಈ ಹಕ್ಕು ಕೊಟ್ಟದ್ದು 2005ರ ಮಾಹಿತಿ ಹಕ್ಕು ಕಾಯ್ದೆ. ಜನ ಆರ್‌ಟಿಐ ಅನ್ನುತ್ತಾರೆ. ಆ ವರ್ಷದ ಅಕ್ಟೋಬರ್ 12ರಂದು ಪೂರ್ತಿ ಜಾರಿಗೆ ಬಂತು. ಸರ್ಕಾರ ತಾನಾಗಿ ಖುಷಿಯಿಂದ ಕೊಟ್ಟದ್ದಲ್ಲ. ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು ತಮ್ಮ ಹಾಜರಿ ಪುಸ್ತಕ ತೋರಿಸಿ ಎಂದು ಪಟ್ಟು ಹಿಡಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಅಲ್ಲಿಂದ ಎದ್ದ ಬೇಡಿಕೆ ದಿಲ್ಲಿ ಮುಟ್ಟಿತು. ಕರ್ನಾಟಕ ಕೇಂದ್ರದ ಕಾಯ್ದೆಗೂ ಮುಂಚೆ, 2000ದಲ್ಲೇ, ತನ್ನದೊಂದು ಕಾಯ್ದೆ ಮಾಡಿಕೊಂಡಿತ್ತು.

ಕೇಂದ್ರದ ಅಧಿಕಾರಕ್ಕೆ ಬೇಲಿ ಎಂದರೆ ನಮ್ಮ ಊರವರಿಗೆ ಎಸ್.ಆರ್. ಬೊಮ್ಮಾಯಿ ನೆನಪಾಗುತ್ತಾರೆ. ಅವರು ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ, 1989ರ ಏಪ್ರಿಲ್‌ನಲ್ಲಿ, ಅವರ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಅವರು ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಕೋಣೆಯಲ್ಲಲ್ಲ ಎಂದಾಯಿತು. ದೊಡ್ಡ ಗೆಲುವು ಅದು. ಆದರೆ ಅದಕ್ಕೆ ಒಬ್ಬ ಮಾಜಿ ಮುಖ್ಯಮಂತ್ರಿ, ಘಟಾನುಘಟಿ ವಕೀಲರು, ಸುಮಾರು ಐದು ವರ್ಷ ಬೇಕಾಯಿತು. ಆರ್‌ಟಿಐಗೆ ಒಂದು ಬಿಳಿ ಹಾಳೆ ಸಾಕು.

ಮೊದಲು ಯಾರನ್ನು ಕೇಳಬೇಕೆಂದು ಗೊತ್ತುಮಾಡಿಕೊಳ್ಳಿ. ದಿಲ್ಲಿ ದೂರವಾದರೂ ಅದರ ಕಚೇರಿಗಳು ಇಲ್ಲೇ ಇವೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ರೈಲ್ ಸೌಧ ಗದಗ ರಸ್ತೆಯಲ್ಲಿದೆ. ಪಿಎಫ್ ಕಚೇರಿ ನವನಗರದಲ್ಲಿದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಯೋಜನಾ ಕಚೇರಿ ಧಾರವಾಡದಲ್ಲಿದೆ. ಅಂಚೆ, ಆದಾಯ ತೆರಿಗೆ, ವಿಮಾನ ನಿಲ್ದಾಣ, ರಾಷ್ಟ್ರೀಕೃತ ಬ್ಯಾಂಕುಗಳು ಇದೇ ಸಾಲಿಗೆ ಸೇರುತ್ತವೆ. ಪ್ರತಿ ಕಚೇರಿಯಲ್ಲೂ ಒಬ್ಬ ಸಾರ್ವಜನಿಕ ಮಾಹಿತಿ ಅಧಿಕಾರಿ ಇರಲೇಬೇಕು. ಹೆಸರು ತಿಳಿಯದಿದ್ದರೂ ಹುದ್ದೆಯ ಹೆಸರಿಗೆ ಬರೆದರೆ ಸಾಕು. ತಪ್ಪು ಕಚೇರಿಗೆ ಹೋದರೆ ಐದು ದಿನದೊಳಗೆ ಸರಿಯಾದ ಕಡೆ ದಾಟಿಸುವುದು ಅವರ ಕರ್ತವ್ಯ.

ಭಾಷೆಯ ಬಗ್ಗೆ ಅನುಮಾನ ಬೇಡ. ಇಂಗ್ಲಿಷ್, ಹಿಂದಿ, ಇಲ್ಲವೇ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆ, ಇವುಗಳಲ್ಲಿ ಯಾವುದರಲ್ಲಾದರೂ ಬರೆಯಬಹುದು ಎಂದು ಕಾಯ್ದೆಯ 6ನೇ ಕಲಮು ಹೇಳುತ್ತದೆ. ಕೌಂಟರಿನಲ್ಲಿ ‘ಹಿಂದಿ ಮೇ ಲಿಖಿಯೇ’ ಎಂದರೆ ಈ ಕಲಮು ತೋರಿಸಿ. ಯಾಕೆ ಬೇಕು ಎಂದು ಅವರು ಕೇಳುವಂತಿಲ್ಲ, ನೀವು ಹೇಳಬೇಕಾಗಿಯೂ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ, ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕು.

ಇನ್ನು ಪ್ರಶ್ನೆ. ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ನಾವು ಸಿಟ್ಟಿನಲ್ಲಿ ಬರೆಯುತ್ತೇವೆ: ‘ಕೆಲಸ ಯಾಕೆ ತಡವಾಗಿದೆ? ಇದಕ್ಕೆ ಯಾರು ಹೊಣೆ?’ ಅಧಿಕಾರಿ ಆರಾಮಾಗಿ ‘ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಎಂದು ಕೈ ತೊಳೆದುಕೊಳ್ಳುತ್ತಾರೆ. ಕಾನೂನಿನ ಪ್ರಕಾರ ಅದು ತಪ್ಪೂ ಅಲ್ಲ. ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು ಅಭಿಪ್ರಾಯ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದ್ದರಿಂದ ಕಾರಣ ಕೇಳಬೇಡಿ, ಕಾಗದ ಕೇಳಿ.

ನಮ್ಮ ಬೈಪಾಸನ್ನೇ ತೆಗೆದುಕೊಳ್ಳಿ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನಕ್ಕೆ ಅಪಘಾತವಾಗಿ ಹಲವರು ಸತ್ತರು. ಆಮೇಲೆ ಸತ್ತವರ ಮನೆಯವರೇ ರಸ್ತೆಗಿಳಿದು, ಈ ಕಿರಿದಾದ ಬೈಪಾಸನ್ನು ಅಗಲ ಮಾಡಿ ಎಂದು ಕೇಳಿದರು. ಇಂಥ ಅಗಲೀಕರಣದ ಕಾಮಗಾರಿಯ ಬಗ್ಗೆ ಅರ್ಜಿ ಹೀಗಿರಲಿ: ಗುತ್ತಿಗೆ ಕರಾರಿನಲ್ಲಿ ಕಾಮಗಾರಿ ಮುಗಿಸಬೇಕಾದ ದಿನಾಂಕ ಇರುವ ಪುಟದ ಪ್ರತಿ ಕೊಡಿ. ಅವಧಿ ವಿಸ್ತರಿಸಿದ ಆದೇಶಗಳಿದ್ದರೆ ಅವುಗಳ ಪ್ರತಿ ಕೊಡಿ. ಈ ರಸ್ತೆಯ ಸುರಕ್ಷತಾ ತಪಾಸಣೆಯ ವರದಿಗಳನ್ನು ಕೊಡಿ. ಗುತ್ತಿಗೆದಾರರಿಗೆ ದಂಡ ಹಾಕಿದ ಆದೇಶಗಳಿದ್ದರೆ ಕೊಡಿ. ಈ ನಾಲ್ಕು ಕಾಗದ ಕೈಗೆ ಬಂದರೆ ‘ಯಾಕೆ ತಡ’ ಎಂಬುದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ. ಯಾವ ಅವಧಿಯ ಕಾಗದ ಬೇಕೆಂದು ಸ್ಪಷ್ಟವಾಗಿ ಬರೆಯಿರಿ, ಉದಾಹರಣೆಗೆ ಏಪ್ರಿಲ್ 2023ರಿಂದ ಇಂದಿನವರೆಗೆ. ಕೇಂದ್ರದ ಅರ್ಜಿ ಸಾಮಾನ್ಯವಾಗಿ 500 ಪದ ಮೀರಬಾರದು. ರಾಜ್ಯದ ಕಚೇರಿಗಾದರೆ 150 ಪದ, ಒಂದೇ ವಿಷಯ.

ಖರ್ಚು ಕಡಿಮೆ. ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರಾಯಿತು. ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿ. ಕಚೇರಿಗೆ ಹೋಗಿ ಕಡತ ನೋಡುವುದಾದರೆ ಮೊದಲ ಗಂಟೆ ಪುಕ್ಕಟೆ, ಆಮೇಲೆ ಗಂಟೆಗೆ 5 ರೂಪಾಯಿ. ಕಡತ ದಪ್ಪಗಿದ್ದರೆ ಮೊದಲು ನೋಡಿ, ಬೇಕಾದ ಪುಟಗಳನ್ನಷ್ಟೇ ಕೇಳುವುದು ಜಾಣತನ.

ಕಳಿಸುವುದು ಹೇಗೆ? ಅಂಚೆ ಕಚೇರಿಯಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಕೊಳ್ಳಿ. ಇದು ಅಂಚೆಯವರ ಹಣದ ಚೀಟಿ. ಆ ಕಚೇರಿಯ ‘ಅಕೌಂಟ್ಸ್ ಆಫೀಸರ್’ ಹೆಸರಿಗೆ ಬರೆಯಿರಿ. ಅದರ ನಂಬರನ್ನು ಅರ್ಜಿಯಲ್ಲೂ ನಮೂದಿಸಿ. ಅರ್ಜಿಯ ಒಂದು ಜೆರಾಕ್ಸ್ ಇಟ್ಟುಕೊಂಡು ಸ್ಪೀಡ್ ಪೋಸ್ಟ್ ಮಾಡಿ. ಬಹಳ ಮಂದಿಗೆ ತಿಳಿಯದ ಇನ್ನೊಂದು ದಾರಿಯೂ ಇದೆ. ಆಯ್ದ ಅಂಚೆ ಕಚೇರಿಗಳಲ್ಲಿ ಕೇಂದ್ರದ ಯಾವುದೇ ಇಲಾಖೆಯ ಅರ್ಜಿಯನ್ನು ತೆಗೆದುಕೊಂಡು, ಅವರೇ ಮುಂದೆ ಕಳಿಸುತ್ತಾರೆ. ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಮೊಬೈಲ್ ಬಳಸುವವರಿಗೆ ಕೇಂದ್ರದ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಇದೆ. ಶುಲ್ಕವನ್ನೂ ಅಲ್ಲೇ ಕಟ್ಟಬಹುದು.

ಉತ್ತರಕ್ಕೆ 30 ದಿನದ ಗಡುವು. ಅರ್ಜಿಯನ್ನು ಆಯ್ದ ಅಂಚೆ ಕಚೇರಿಯಲ್ಲೇ ಕೊಟ್ಟಿದ್ದರೆ ಇನ್ನೈದು ದಿನ ಸೇರಿಸಿ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ವಿಷಯವಾದರೆ 48 ಗಂಟೆ. ಗಡುವು ದಾಟಿ ಕೊಟ್ಟರೆ ಪ್ರತಿಗಳ ಹಣ ಕೇಳುವಂತಿಲ್ಲ.

ಎಲ್ಲವೂ ಸಿಗುತ್ತದೆ ಅಂತಲ್ಲ. ದೇಶದ ಭದ್ರತೆ, ನಡೆಯುತ್ತಿರುವ ತನಿಖೆ ಇಂಥವು 8ನೇ ಕಲಮಿನ ಹೊರಗಿಡುವ ಪಟ್ಟಿಯಲ್ಲಿವೆ. ಸಿಬಿಐ, ಜಾರಿ ನಿರ್ದೇಶನಾಲಯದಂಥ ಸಂಸ್ಥೆಗಳಿಗೆ ವಿನಾಯಿತಿ ಇದೆ. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಆ ವಿನಾಯಿತಿ ಅನ್ವಯಿಸದು. 2019ರ ತಿದ್ದುಪಡಿ ಮಾಹಿತಿ ಆಯುಕ್ತರ ಅವಧಿ, ಸಂಬಳ ಗೊತ್ತುಮಾಡುವ ಅಧಿಕಾರವನ್ನು ಕೇಂದ್ರದ ಕೈಗೆ ಕೊಟ್ಟಿತು. ಯಾರನ್ನು ಪ್ರಶ್ನಿಸಬೇಕೋ ಅವರೇ ತೀರ್ಪುಗಾರರ ಸಂಬಳ ನಿಗದಿ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ‘ವೈಯಕ್ತಿಕ ಮಾಹಿತಿ’ ಎಂಬ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿತು. ಹಾಗಾಗಿ ವ್ಯಕ್ತಿಯ ಹೆಸರು, ಫಲಾನುಭವಿಗಳ ಪಟ್ಟಿ ಕೇಳುವಾಗ ‘8(2)ರ ಪ್ರಕಾರ ಇದರಲ್ಲಿ ಸಾರ್ವಜನಿಕ ಹಿತ ದೊಡ್ಡದು’ ಎಂದು ಎರಡು ಸಾಲಿನ ಕಾರಣ ಬರೆಯುವುದು ಒಳ್ಳೆಯದು.

‘ನಮ್ಮ ವಿಳಾಸ ಗೊತ್ತಾದರೆ ತೊಂದರೆ ಕೊಟ್ಟಾರು’ ಎಂಬ ಅಂಜಿಕೆಯೂ ಸುಳ್ಳಲ್ಲ. ದೇಶದಲ್ಲಿ ಆರ್‌ಟಿಐ ಕಾರ್ಯಕರ್ತರ ಮೇಲೆ ಹಲ್ಲೆಗಳಾಗಿವೆ. ಮನೆ ವಿಳಾಸದ ಬದಲು ಪೋಸ್ಟ್ ಬಾಕ್ಸ್ ನಂಬರ್ ಕೊಟ್ಟರೂ ನಡೆಯುತ್ತದೆ ಎಂದು ಕಲ್ಕತ್ತಾ ಹೈಕೋರ್ಟ್ 2013ರಲ್ಲಿ ಹೇಳಿದೆ. ಸೂಕ್ಷ್ಮ ವಿಷಯವಾದರೆ ಓಣಿಯ ನಾಲ್ಕಾರು ಜನ ಬೇರೆ ಬೇರೆಯಾಗಿ ಅದೇ ಅರ್ಜಿ ಹಾಕಿ. ಆಗ ಒಬ್ಬರ ಮೇಲೆ ಕಣ್ಣು ಬೀಳುವುದಿಲ್ಲ.

ಉತ್ತರ ಬರಲಿಲ್ಲ, ಅಥವಾ ಅರೆಬರೆ ಬಂತು. ಆಗ 30 ದಿನದೊಳಗೆ ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಶುಲ್ಕವಿಲ್ಲ. ಅವರು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ದಿಲ್ಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯದು. ತಪ್ಪು ಸಾಬೀತಾದರೆ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಬೀಳಬಹುದು. ಅದನ್ನು ಅವರೇ ಕೈಯಿಂದ ಕಟ್ಟಬೇಕು. ಆಯೋಗದಲ್ಲಿ ಸರದಿ ಉದ್ದ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆದರೆ ವಿಚಾರಣೆಗೆ ದಿಲ್ಲಿಗೆ ಟಿಕೆಟ್ ತೆಗೆಯಬೇಕಾಗಿಲ್ಲ. ಸಾಮಾನ್ಯವಾಗಿ ಜಿಲ್ಲಾ ಕೇಂದ್ರದ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಕಚೇರಿಯಲ್ಲಿ ವಿಡಿಯೊ ಮೂಲಕ ನಡೆಯುತ್ತದೆ. ನಮಗೆ ಅದು ಧಾರವಾಡ. ಹೋಗುವಾಗ ಅರ್ಜಿಯ ಜೆರಾಕ್ಸ್, ಸ್ಪೀಡ್ ಪೋಸ್ಟ್ ರಸೀದಿ, ಮೇಲ್ಮನವಿಯ ಪ್ರತಿ ಮರೆಯಬೇಡಿ.