ಮಧ್ಯಸ್ಥಗಾರರ ಕೆಲಸವನ್ನು ಪರಿಶೀಲಿಸುವವರು ಯಾರು?

ಸಿವಿಲ್ ನ್ಯಾಯಾಧೀಶರ ತೀರ್ಪು ತಪ್ಪಾದರೆ ಮೇಲ್ಮನವಿ ಇದೆ. ಸಾಕ್ಷಿ ಹೇಳಿದ್ದೆಲ್ಲ ಕಡತದಲ್ಲಿರುತ್ತದೆ. ಮೇಲಿನ ನ್ಯಾಯಾಲಯ ಅದನ್ನು ಓದಿ ತಿದ್ದಬಹುದು. ಮಧ್ಯಸ್ಥಿಕೆಯ ಕೋಣೆಯಲ್ಲಿ ಹಾಗಲ್ಲ. ಅಲ್ಲಿ ಆಡಿದ ಮಾತನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ, ಮಧ್ಯಸ್ಥಗಾರರನ್ನು ಸಾಕ್ಷಿಕಟ್ಟೆಗೆ ಕರೆಯುವಂತಿಲ್ಲ. ರಾಜಿ ಆಗದಿದ್ದರೆ ಆಗಲಿಲ್ಲ ಎಂದಷ್ಟೇ ವರದಿ. ಯಾರ ಹಟದಿಂದ ಮುರಿಯಿತು ಎಂದು ಬರೆಯುವುದಿಲ್ಲ. ಈ ಗೋಪ್ಯತೆ ಇಲ್ಲದಿದ್ದರೆ ಜನ ಬಾಯಿಬಿಡುವುದೇ ಇಲ್ಲ, ಹಾಗಾಗಿ ಅದು ಬೇಕೇ ಬೇಕು. ಆದರೆ ಅದೇ ಕಾರಣಕ್ಕೆ, ಒಳಗೆ ಮಧ್ಯಸ್ಥಿಕೆ ಮಾಡುವ ನಾನು ಹೇಗೆ ನಡೆದುಕೊಂಡೆ ಎಂಬುದು ಹೊರಗಿನ ಯಾರಿಗೂ ಕಾಣುವುದಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರಲ್ಲಿ ಜಾರಿಗೆ ಬಂದ ಮೇಲೆ ನ್ಯಾಯಾಲಯಗಳೇ ದಾವೆಗಳನ್ನು ಮಧ್ಯಸ್ಥಿಕೆಗೆ ಕಳಿಸುವ ದಾರಿ ತೆರೆಯಿತು. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಶುರುವಾಯಿತು. ನನ್ನಂಥ ವಕೀಲರು ಈ ಕೆಲಸಕ್ಕೆ ಬರುವುದು 40 ಗಂಟೆಗಳ ತರಬೇತಿ ಮುಗಿಸಿ. ಜಂಟಿಯಾಗಿ ಕೂರಿಸುವುದು ಯಾವಾಗ, ಪ್ರತ್ಯೇಕವಾಗಿ ಕರೆಯುವುದು ಯಾವಾಗ, ಒಪ್ಪಂದ ಬರೆಯುವುದು ಹೇಗೆ, ಎಲ್ಲವನ್ನೂ ಅಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಎದುರಿನವರು ಬಾಯಿ ತೆರೆದ ಕೂಡಲೇ ದಾಖಲೆ ಎಲ್ಲಿ ಎಂದು ಕೇಳುವ, ಈ ಕೇಸು ಗೆಲ್ಲುವವರು ಯಾರೆಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಡುವ ವಕೀಲಿ ಅಭ್ಯಾಸ 40 ಗಂಟೆಯಲ್ಲಿ ಹೋಗುವಂಥದ್ದಲ್ಲ.

ಅದಕ್ಕೇ ನಾವು ಕೆಲವರು ಆಗಾಗ ಒಟ್ಟಿಗೆ ಕೂರುತ್ತೇವೆ. ಹೆಸರು, ಊರು, ಸರ್ವೆ ನಂಬರು ಯಾವುದನ್ನೂ ಹೇಳುವಂತಿಲ್ಲ. ಕಕ್ಷಿದಾರರ ಕಥೆಗಿಂತ ನಮ್ಮ ನಡವಳಿಕೆಯೇ ಅಲ್ಲಿ ಚರ್ಚೆಯ ವಿಷಯ. ಒಮ್ಮೆ ಕಿರಿಯ ಸಹೋದ್ಯೋಗಿಯೊಬ್ಬರು ಅಣ್ಣ-ತಂಗಿಯ ಪಾಲಿನ ದಾವೆಯೊಂದನ್ನು ತಂದರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

“ಹೆಚ್ಚುಕಡಿಮೆ ಮುಗೀತು ಮೇಡಂ. ತಂಗಿ ಹಕ್ಕು ಖುಲಾಸೆ ಪತ್ರ ಬರೆದುಕೊಡೋಕೆ ಒಪ್ಪಿದ್ದಾರೆ.”

“ಒಪ್ಪಿದ್ದೀನಿ ಅಂತ ಅವರು ಏನು ಹೇಳಿದರಮ್ಮ? ಅವರ ಮಾತಲ್ಲೇ ಹೇಳು.”

ಆಕೆ ಯೋಚಿಸಿದರು. ಅಣ್ಣ ಹೇಳಿದ್ದೆಲ್ಲ ನೆನಪಿತ್ತು: ತಂಗಿಯ ಮದುವೆಗೆ ಆದ ಖರ್ಚು, ಬೋರ್‌ವೆಲ್ ಸಾಲ, ಅಪ್ಪನ ಆಸ್ಪತ್ರೆ ಬಿಲ್ಲು. ತಂಗಿಯ ಒಂದು ವಾಕ್ಯವೂ ನೆನಪಾಗಲಿಲ್ಲ. ತಂಗಿ ತಲೆಯಾಡಿಸಿದ್ದರು, ಅಷ್ಟೇ.

ಮುಂದಿನ ದಿನಾಂಕದಂದು ಸಹೋದ್ಯೋಗಿ ಆ ತಂಗಿಯನ್ನು, ಅಣ್ಣನೂ ಗಂಡನೂ ಇಲ್ಲದೆ, ಒಬ್ಬರನ್ನೇ ಕೂರಿಸಿಕೊಂಡು ಮಾತನಾಡಿದರು. “ಜಮೀನು ಅವನೇ ಮಾಡ್ಕೊಂಡು ತಿನ್ನಲಿ. ನನ್ನ ಒಡವೆ ಅವನ ಸಾಲಕ್ಕೆ ಬ್ಯಾಂಕಲ್ಲಿದೆ, ಮೊದಲು ಅದನ್ನ ಬಿಡಿಸಿಕೊಡಲಿ” ಎಂದರಂತೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿದೆ ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಅದು ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟುಕೊಡಲು ಸಿದ್ಧರಿದ್ದರು. ಒಡವೆಯ ವಿಷಯ ದಾವೆಯಲ್ಲಿ ಇರಲಿಲ್ಲವಾದ್ದರಿಂದ ಯಾರೂ ಕೇಳಿರಲಿಲ್ಲ. ಕೊನೆಗೆ ಒಪ್ಪಂದದ ಮೊದಲ ಷರತ್ತೇ ಅದಾಯಿತು: ಒಡವೆ ಕೈಸೇರಿದ ಮೇಲೆ ಖುಲಾಸೆ ಪತ್ರ.

ಇಂಥ ಅವಲೋಕನಕ್ಕೆ ಗಟ್ಟಿ ತಳಹದಿ ಹಾಕಿದವರು ಅಮೆರಿಕದ ಡೊನಾಲ್ಡ್ ಶೋನ್. ವಾಸ್ತುಶಿಲ್ಪಿಗಳು, ಮನೋಚಿಕಿತ್ಸಕರು, ಎಂಜಿನಿಯರುಗಳು ಕೆಲಸ ಮಾಡುವಾಗ ಹೇಗೆ ಯೋಚಿಸುತ್ತಾರೆಂದು ನೋಡಿ 1983ರಲ್ಲಿ ಅವರು ಪುಸ್ತಕ ಬರೆದರು. ಕೆಲಸ ನಡೆಯುತ್ತಿರುವಾಗಲೇ ದಾರಿ ಬದಲಿಸಿಕೊಳ್ಳುವ ಯೋಚನೆ ಒಂದು, ಮುಗಿದ ಮೇಲೆ ಕೂತು ಹಿಂದಿರುಗಿ ನೋಡುವುದು ಇನ್ನೊಂದು ಎಂದು ವಿಂಗಡಿಸಿದರು. ಸ್ವತಃ ಮಧ್ಯಸ್ಥಗಾರರಾದ ಮೈಕೆಲ್ ಲ್ಯಾಂಗ್ ಅದನ್ನು ಮಧ್ಯಸ್ಥಗಾರರ ಕಸುಬಿಗೆ ತಂದರು. ನನ್ನ ಅನುಭವದಲ್ಲಿ ಎರಡನೆಯದನ್ನು ರೂಢಿಸಿಕೊಂಡವರಿಗೇ ಮೊದಲನೆಯದು ಕೈಹಿಡಿಯುತ್ತದೆ. ಬೈಠಕ್ ಮುಗಿದ ಸಂಜೆ ನಾನು ಬರೆದಿಟ್ಟುಕೊಳ್ಳುವುದು ಇಷ್ಟೇ: ಯಾವ ಮಾತಿಗೆ ಕೋಣೆಯ ಗಾಳಿ ಬದಲಾಯಿತು, ಆ ಪ್ರಶ್ನೆ ಕೇಳುವ ಮುಂಚೆ ನನ್ನ ತಲೆಯಲ್ಲಿ ಏನಿತ್ತು, ಯಾರ ಕಡೆಗೆ ನನ್ನ ಮನಸ್ಸು ವಾಲಿತ್ತು. ಕಕ್ಷಿದಾರರ ಮಾತಿನ ಟಿಪ್ಪಣಿ ಹರಿದುಹಾಕುತ್ತೇನೆ.

2023ರ ಮಧ್ಯಸ್ಥಿಕೆ ಕಾಯ್ದೆಯು ಭಾರತೀಯ ಮಧ್ಯಸ್ಥಿಕೆ ಪರಿಷತ್ತಿಗೆ ವಹಿಸಿರುವ ಕೆಲಸಗಳಲ್ಲಿ ಮಧ್ಯಸ್ಥಗಾರರ ನಿರಂತರ ಶಿಕ್ಷಣಕ್ಕೆ ಮಾರ್ಗಸೂಚಿ ರೂಪಿಸುವುದೂ ಒಂದು. ಒಳ್ಳೆಯದೇ. ಆದರೆ ಅದು ಉಪನ್ಯಾಸ ಕೇಳಿ ಹಾಜರಾತಿ ಪ್ರಮಾಣಪತ್ರ ಪಡೆಯುವುದಕ್ಕೆ ಇಳಿಯಬಾರದು. ಜಿಲ್ಲೆ ಜಿಲ್ಲೆಯಲ್ಲೂ ನಾಲ್ಕೈದು ಮಧ್ಯಸ್ಥಗಾರರು ತಿಂಗಳಿಗೊಮ್ಮೆ ಕೂತು ತಮ್ಮ ನಡೆಯನ್ನೇ ಪರಿಶೀಲಿಸಿಕೊಳ್ಳುವ ವ್ಯವಸ್ಥೆ ಆಗಬೇಕು.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ದಾವೆ ಮಧ್ಯಸ್ಥಿಕೆಗೆ ಹೋದರೆ, ಎಲ್ಲರೆದುರು ಹೇಳಲಾಗದ ಮಾತಿದ್ದಾಗ ಪ್ರತ್ಯೇಕವಾಗಿ ಮಾತನಾಡಬೇಕೆಂದು ಧೈರ್ಯವಾಗಿ ಕೇಳಿ. ಒಪ್ಪಂದವನ್ನು ಪೂರ್ತಿ ಓದಿಸಿಕೊಂಡು, ಅರ್ಥವಾದ ಮೇಲೆಯೇ ಸಹಿ ಮಾಡಿ.