ಆಂಬುಲೆನ್ಸ್: ಕೊಳ್ಳುವ ಖರ್ಚು ಮತ್ತು ನಡೆಸುವ ಖರ್ಚು



ಕಾರ್ಖಾನೆಯ ವತಿಯಿಂದ ಒಂದು ಆಂಬುಲೆನ್ಸ್ ಕೊಳ್ಳಬೇಕು, ಅದಕ್ಕಾಗಿ ಟನ್ನಿಗೆ ಒಂದು ರೂಪಾಯಿ ಬಿಲ್ಲಿನಲ್ಲಿ ಕಡಿತ ಮಾಡಿದರೂ ನಮ್ಮ ತಕರಾರಿಲ್ಲ ಎಂದು ಅನೇಕ ಸಭಾಸದರು ಗಟ ಕಚೇರಿಗಳಲ್ಲಿ ಹೇಳುತ್ತಿದ್ದಾರೆ. ಬೇಡಿಕೆಯ ಹಿಂದಿನ ಕಳಕಳಿ ಎಲ್ಲರಿಗೂ ತಿಳಿದದ್ದೇ. ಗಳಿತ ಹಂಗಾಮಿನಲ್ಲಿ ನಮ್ಮ ಶಿವಾರದ ತುಂಬ ಜನ ಹಗಲು ರಾತ್ರಿ ಹೊರಗಿರುತ್ತಾರೆ. ರಾತ್ರಿ ನೀರು ಹಾಯಿಸುವವರಿಗೆ ಹಾವು ಕಡಿಯುತ್ತದೆ. ಕೊಯ್ತ ಜಾರಿ ಕಾಲಿಗೆ ಬೀಳುತ್ತದೆ. ದೀಪವಿಲ್ಲದ ಟ್ರೇಲರಿಗೆ ಹಿಂದಿನಿಂದ ಮೋಟಾರ್ ಸೈಕಲ್ ಬಡಿಯುತ್ತದೆ. ಕಡಿಯುವ ಟೋಳಿಗಳ ಕೊಪ್ಪಿಗಳಲ್ಲಿ ಅವೇಳೆಯಲ್ಲಿ ಹೆರಿಗೆ ನೋವು ಶುರುವಾಗುತ್ತದೆ. ಆಗ 108ಕ್ಕೆ ಫೋನ್ ಹಚ್ಚಿದರೆ "ಗಾಡಿ ಬೇರೆ ಕೇಸಿಗೆ ಹೋಗಿದೆ, ತಡೆಯಿರಿ" ಎಂಬ ಉತ್ತರ ಬಂದದ್ದುಂಟು.

ಆದ್ದರಿಂದ ನಮ್ಮದೇ ಒಂದು ಗಾಡಿ ಇದ್ದರೆ ಸಾಕು ಎಂದು ಅನಿಸುವುದು ಸಹಜ. ಆದರೆ ಆಂಬುಲೆನ್ಸ್ ಎಂಬುದು ಟ್ರ್ಯಾಕ್ಟರಿನಂತೆ ಕೊಂಡು ಶೆಡ್ಡಿನಲ್ಲಿ ನಿಲ್ಲಿಸಿ, ಬೇಕಾದಾಗ ಹೊರಗೆ ತೆಗೆಯುವ ವಸ್ತುವಲ್ಲ. ಅದು ನಮ್ಮ ಬಾಯ್ಲರಿನಂತೆ. ಉರಿಯಿರಲಿ ಬಿಡಲಿ, ಮೂರೂ ಪಾಳಿಯಲ್ಲಿ ಅದರ ಮುಂದೆ ತಿಳಿದ ಮನುಷ್ಯ ಇರಲೇಬೇಕು. ಗಾಡಿ ಒಮ್ಮೆ ಕೊಳ್ಳುವ ವಸ್ತು, ಮನುಷ್ಯ ಪ್ರತಿ ತಿಂಗಳ ಖರ್ಚು. ಸರಕಾರದ 108 ಇರಲಿ, ಧರ್ಮಾರ್ಥ ಟ್ರಸ್ಟಿನ ಗಾಡಿ ಇರಲಿ, ಎಲ್ಲವೂ ಎಡವುವುದು ಇಲ್ಲಿಯೇ.

ಮೊದಲು ಆಳುಗಳ ಲೆಕ್ಕ ನೋಡೋಣ. ವಾರಕ್ಕೆ 168 ತಾಸು. ಒಬ್ಬ ಕೆಲಸಗಾರ ವಾರಕ್ಕೆ 48 ತಾಸು ದುಡಿಯುತ್ತಾನೆ. ಅಂದರೆ ಒಂದು ಆಸನವನ್ನು ಹಗಲು ರಾತ್ರಿ ತುಂಬಿಡಲು ಮೂರೂವರೆ ಜನ ಬೇಕು. ರಜೆ, ಜಡ್ಡು, ತರಬೇತಿ ಹಿಡಿದರೆ ನಾಲ್ಕು. ಆಂಬುಲೆನ್ಸಿಗೆ ಆಸನಗಳು ಎರಡು: ಮುಂದೆ ಚಾಲಕ, ಹಿಂದೆ ರೋಗಿಯ ಬಳಿ ತರಬೇತಾದವನು. ಹೀಗೆ ಒಂದು ಗಾಡಿಗೆ 8 ಜನ. ಎಷ್ಟೋ ಕಡೆ ಇದನ್ನು ನಾಲ್ಕೈದು ಜನರಲ್ಲಿ, 12 ತಾಸಿನ ಪಾಳಿ ಹಾಕಿ ತಳ್ಳುತ್ತಾರೆ. ಹಬ್ಬದಲ್ಲಿ ಒಬ್ಬ ಊರಿಗೆ ಹೋದರೆ ಇನ್ನೊಬ್ಬ 24 ತಾಸು ಕೂಡುತ್ತಾನೆ. ಎರಡು ರಾತ್ರಿ ನಿದ್ದೆಗೆಟ್ಟ ಚಾಲಕ ಬೆಳಗಿನ ಜಾವ ಸೋಲಾಪುರದ ರಸ್ತೆಯಲ್ಲಿ ಕಬ್ಬಿನ ಟ್ರೇಲರುಗಳ ನಡುವೆ ಗಾಡಿ ಓಡಿಸುವುದು ಎಂಥ ಅಪಾಯವೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ಚಾಲಕನೊಬ್ಬ ಸಾಲದೇ ಎಂದು ಕೇಳುವವರಿಗೆ ಒಂದು ಉದಾಹರಣೆ. ನಮ್ಮ ಭಾಗದಲ್ಲಿ ಮುಖ್ಯ ವಿಷದ ಹಾವುಗಳು ನಾಲ್ಕು: ನಾಗರ, ಕಟ್ಟುಹಾವು ಅಂದರೆ ಮಣ್ಯಾರ, ಕೊಳಕುಮಂಡಲ ಅಂದರೆ ಘೋಣಸ, ಮತ್ತು ಫುರ್ಸೆ. ದವಾಖಾನೆಯಲ್ಲಿ ಕೊಡುವ ಸರ್ಪವಿಷದ ಇಂಜೆಕ್ಷನ್ ಈ ನಾಲ್ಕಕ್ಕೂ ಸೇರಿಸಿ ಮಾಡಿದ್ದು. ಇವುಗಳಲ್ಲಿ ಮಣ್ಯಾರ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವು ಕಡಿಮೆ, ಗಾಯ ಕಾಣುವುದಿಲ್ಲ. ಕೆಲವು ತಾಸಿನ ನಂತರ ರೆಪ್ಪೆ ಜೋಲುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಹೃದಯ ಮಾತ್ರ ಇನ್ನೂ ಬಡಿಯುತ್ತಿರುತ್ತದೆ. ಆಗ ಒಬ್ಬನು ಬಾಯಿ-ಮೂಗಿಗೆ ಮುಖವಾಡ ಒತ್ತಿ, ರಬ್ಬರಿನ ಚೀಲವನ್ನು ಐದಾರು ಸೆಕೆಂಡಿಗೊಮ್ಮೆ ಹಿಚುಕುತ್ತ ಉಸಿರು ತುಂಬಿದರೆ ರೋಗಿ ಸೋಲಾಪುರದವರೆಗೆ ಬದುಕಿ ತಲುಪಬಹುದು. ಚೀಲದ ಬೆಲೆ ಹೆಚ್ಚಲ್ಲ. ಆದರೆ ಸ್ಟೇರಿಂಗ್ ಹಿಡಿದವನು ಅದನ್ನು ಹಿಚುಕಲಾರ, ಕಲಿಯದ ಸಂಬಂಧಿಕನಿಂದಲೂ ಆಗದು. ಹಿಂದಿನ ಆಸನ ಖಾಲಿಯಿದ್ದ ಗಾಡಿ ಬಾಡಿಗೆ ಜೀಪಿಗಿಂತ ಹೆಚ್ಚೇನೂ ಮಾಡುವುದಿಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವಿನ ಕಡಿತದಿಂದ ಸತ್ತರೆಂದು ಸಂಶೋಧಕರ ಅಂದಾಜಿದೆ. ಹೆಚ್ಚಿನವರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಕೇಂದ್ರ ಸರಕಾರವು 2024ರಲ್ಲಿ, ಈ ಸಾವುಗಳನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆಯನ್ನು ಪ್ರಕಟಿಸಿದೆ.

ಈಗ ಹಣದ ಲೆಕ್ಕ. ಕೆಳಗಿನ ಅಂಕೆಗಳು ತಿಳಿವಳಿಕೆಗಾಗಿ ಹಿಡಿದ ಅಂದಾಜು, ಯಾರ ಕೊಟೇಶನ್ನೂ ಅಲ್ಲ. ಒಬ್ಬ ಸಿಬ್ಬಂದಿಗೆ ಪ್ರಾವಿಡೆಂಟ್ ಫಂಡ್ ಸಹಿತ ತಿಂಗಳಿಗೆ 20,000 ರೂಪಾಯಿ ಹಿಡಿಯೋಣ. 8 ಜನಕ್ಕೆ ತಿಂಗಳಿಗೆ 1,60,000, ವರ್ಷಕ್ಕೆ 19,20,000. ತಿಂಗಳಿಗೆ 2,500 ಕಿಲೋಮೀಟರ್ ಓಡಿದರೆ, ಲೀಟರಿಗೆ 10 ಕಿಲೋಮೀಟರಿನಂತೆ 250 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೆ ವರ್ಷಕ್ಕೆ 2,70,000. ಟಾಯರು, ರಿಪೇರಿ, ವಿಮೆ, ಆಮ್ಲಜನಕ, ಔಷಧ ಸೇರಿ 2 ಲಕ್ಷ. ಒಟ್ಟು 24 ಲಕ್ಷದ ಹತ್ತಿರ. ಇದರಲ್ಲಿ ನೂರಕ್ಕೆ 80 ರೂಪಾಯಿ ಸಂಬಳವೇ. ಜನರು ಸಾಮಾನ್ಯವಾಗಿ ಡೀಸೆಲ್ ಖರ್ಚಿಗೆ ಹೆದರುತ್ತಾರೆ. ಆ ಹೆದರಿಕೆ ತಪ್ಪು ಜಾಗದಲ್ಲಿದೆ.

ಕಾರ್ಖಾನೆಯು ಒಂದು ಹಂಗಾಮಿನಲ್ಲಿ 5 ಲಕ್ಷ ಟನ್ ನುರಿಸಿತೆನ್ನಿರಿ. ಟನ್ನಿಗೆ ಒಂದು ರೂಪಾಯಿಯಂತೆ 5 ಲಕ್ಷ ಬರುತ್ತದೆ. ಗಾಡಿಯನ್ನು ಯಾರೋ ದಾನವಾಗಿ ಕೊಟ್ಟರೂ ಅದನ್ನು ನಡೆಸಲು ಟನ್ನಿಗೆ ಸುಮಾರು 5 ರೂಪಾಯಿ ಬೇಕಾಯಿತು, ಅದೂ ಪ್ರತಿ ವರ್ಷ. ಇದರಲ್ಲಿ ಇನ್ನೊಂದು ತೊಡಕಿದೆ. ಮಹಾರಾಷ್ಟ್ರದಲ್ಲಿ 2018-19ರಲ್ಲಿ 107 ಲಕ್ಷ ಟನ್ ಸಕ್ಕರೆ ಆಗಿತ್ತು, ಬರದ ಪರಿಣಾಮವಾಗಿ 2019-20ರಲ್ಲಿ ಅದು 61 ಲಕ್ಷ ಟನ್ನಿನ ಆಸುಪಾಸಿಗೆ ಇಳಿಯಿತು. ಕಬ್ಬು ಅರ್ಧವಾದರೆ ಟನ್ನಿನ ವಂತಿಗೆಯೂ ಅರ್ಧ. ಚಾಲಕನ ಸಂಬಳ ಮಾತ್ರ ಅರ್ಧವಾಗುವುದಿಲ್ಲ. ಬರಗಾಲದ ವರ್ಷ, ರೈತನ ಕೈಯಲ್ಲಿ ಹಣವಿಲ್ಲದ ವರ್ಷವೇ ಟನ್ನಿಗೆ 10 ರೂಪಾಯಿ ಕೇಳಬೇಕಾಗುತ್ತದೆ.

ಸಂಸದರ ನಿಧಿಯಿಂದ ತರೋಣ ಎನ್ನುವವರಿದ್ದಾರೆ. ತರಬಹುದು. ಸಂಸದರ ಸ್ಥಾನಿಕ ವಿಕಾಸ ನಿಧಿಯಲ್ಲಿ ಆಂಬುಲೆನ್ಸ್ ಕೊಳ್ಳಲು ಅವಕಾಶವಿದೆ. ಆದರೆ ಆ ನಿಧಿ ಬಾಳುವ ಆಸ್ತಿಗಾಗಿ ಇರುವುದು, ಸಂಬಳ-ಡೀಸೆಲಿನಂಥ ಮರಳಿ ಮರಳಿ ಬರುವ ಖರ್ಚಿಗೆ ಅದರಲ್ಲಿ ದುಡ್ಡಿಲ್ಲ. ನಾರಿಯಲ್ ಒಡೆದು, ಫೋಟೋ ತೆಗೆಸಿಕೊಂಡು ಬಂದ ಗಾಡಿ ಎರಡು ವರ್ಷದಲ್ಲಿ ಬೇವಿನ ಗಿಡದ ಕೆಳಗೆ ನಿಲ್ಲುವುದು ಇದರಿಂದಲೇ. ಕೊಟ್ಟವರ ಹೆಸರು ಮಾತ್ರ ಬಾಗಿಲ ಮೇಲೆ ಉಳಿದಿರುತ್ತದೆ.

ಹಾಗಾದರೆ ಸರಕಾರದ ಸೇವೆಯ ಸ್ಥಿತಿ ಏನು? 108ರ ಪದ್ಧತಿ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾಯಿತು. ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ಆರೋಗ್ಯ ಕವಚವೆಂಬ ಹೆಸರಿನಿಂದ ಬಂತು. ಹೈದರಾಬಾದಿನ ಸಂಸ್ಥೆಯನ್ನು ಕಟ್ಟಿದವರು ಸತ್ಯಂ ಕಂಪನಿಯ ಅಧ್ಯಕ್ಷರು. 2009ರ ಜನವರಿಯಲ್ಲಿ ಆ ಕಂಪನಿಯ ಲೆಕ್ಕದ ಹಗರಣ ಹೊರಬಿದ್ದಾಗ, ಹಲವು ರಾಜ್ಯಗಳಲ್ಲಿ ಜೀವ ಉಳಿಸುತ್ತಿದ್ದ ಸೇವೆಯ ಭವಿಷ್ಯವೇ ಡೋಲಾಯಮಾನವಾಯಿತು. ಮುಂದೆ ಜಿ.ವಿ.ಕೆ. ಸಮೂಹ ಅದರ ಹೊಣೆ ವಹಿಸಿಕೊಂಡಿತು. ಓಡಿಸುವ ಖರ್ಚಿನ ಬಹುಪಾಲನ್ನು ಸರಕಾರಗಳೇ ಕೊಡುತ್ತಿದ್ದುದರಿಂದ ಗಾಡಿಗಳು ನಿಲ್ಲಲಿಲ್ಲ. ದಾನಿಯ ಉತ್ಸಾಹದ ಮೇಲೆ ನಿಂತದ್ದು ದಾನಿ ಬಿದ್ದಾಗ ಅಲುಗುತ್ತದೆ, ಬಜೆಟ್ಟಿನ ಮೇಲೆ ನಿಂತದ್ದು ಹೇಗೋ ತೆವಳಿಕೊಂಡು ಹೋಗುತ್ತದೆ.

ನಮ್ಮ ಮಹಾರಾಷ್ಟ್ರದಲ್ಲಿ 108 ಆರಂಭವಾದದ್ದು 2014ರ ಜನವರಿ 26ರಂದು, 937 ಗಾಡಿಗಳಿಂದ. ಅವುಗಳಲ್ಲಿ 233 ಹೆಚ್ಚಿನ ಉಪಕರಣಗಳುಳ್ಳವು, 704 ಸಾಮಾನ್ಯ ದರ್ಜೆಯವು. ಕರೆಗಳು ಪುಣೆಗೆ ಹೋಗುತ್ತವೆ. ಬೇರೆ ರಾಜ್ಯಗಳಲ್ಲಿ ಹಿಂದಿನ ಆಸನದಲ್ಲಿ ತರಬೇತಾದ ಸಹಾಯಕ ಇದ್ದರೆ, ಇಲ್ಲಿ ಡಾಕ್ಟರನ್ನೇ ಕೂರಿಸುವ ಪದ್ಧತಿ ತಂದರು. ಬಹಳಷ್ಟು ಜನ ಆಯುರ್ವೇದ ಪದವೀಧರರು. ಒಳ್ಳೆಯ ವ್ಯವಸ್ಥೆಯೇ, ಆದರೆ ಡಾಕ್ಟರು ರಾಜೀನಾಮೆ ಕೊಟ್ಟರೆ ಅವರ ಬದಲಿ ಸಿಗುವವರೆಗೆ ಆ ಪಾಳಿ ಕುಂಟುತ್ತದೆ. ಗುತ್ತಿಗೆಯ ನೌಕರಿಯಲ್ಲಿ ಖಾಯಮಾತಿ ಇಲ್ಲ. ಸ್ವಂತ ದವಾಖಾನೆ ಹಾಕುವ ಆಸೆ ತರುಣ ಡಾಕ್ಟರರಿಗೆ ಇದ್ದೇ ಇರುತ್ತದೆ. ಹಲವು ರಾಜ್ಯಗಳಲ್ಲಿ 108ರ ನೌಕರರು ತಡವಾದ ಸಂಬಳಕ್ಕಾಗಿ ಮುಷ್ಕರ ಹೂಡಿದ ಸುದ್ದಿ ತಾವೂ ಓದಿದ್ದೀರಿ. ಸರಕಾರದಿಂದ ಗುತ್ತಿಗೆದಾರನಿಗೆ, ಗುತ್ತಿಗೆದಾರನಿಂದ ನೌಕರನಿಗೆ ಹಣ ಇಳಿದು ಬರುವ ದಾರಿ ಉದ್ದ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಹೇಗೆ ಬರುತ್ತದೆಂಬುದು ನಮಗೆ ಗೊತ್ತು.

ಸರಕಾರದ ಮಾನದಂಡದ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ಒಂದು ಸಾಮಾನ್ಯ ಆಂಬುಲೆನ್ಸ್. 2011ರ ಜನಗಣತಿಯಲ್ಲಿ ಅಕ್ಕಲಕೋಟ ತಾಲೂಕಿನ ಜನ 3 ಲಕ್ಷ ದಾಟಿದ್ದಾರೆ, ಅಂದರೆ ಹೆಚ್ಚೆಂದರೆ ಮೂರು ಗಾಡಿ. ಈಗ ಒಂದು ಸರತಿಯ ವೇಳೆ ಎಣಿಸಿರಿ. ಕರೆ ಬಂದು ಹೊರಡಲು ಏಳೆಂಟು ನಿಮಿಷ, 15 ಕಿಲೋಮೀಟರ್ ದೂರದ ತೋಟದ ವಸ್ತಿ ತಲುಪಲು 25, ರೋಗಿಯನ್ನು ಎತ್ತಿ ಕೂರಿಸಲು 15, ಅಲ್ಲಿಂದ ಸೋಲಾಪುರದ ಸಿವ್ಹಿಲ್ ದವಾಖಾನೆಗೆ ಒಂದು ತಾಸು, ಒಪ್ಪಿಸಲು 20, ಮರಳಲು ಹೆಚ್ಚು ಕಡಿಮೆ ಒಂದು ತಾಸು. ಮೂರು ತಾಸು ಕಳೆದವು. ಆ ಮೂರು ತಾಸಿನಲ್ಲಿ ಬಂದ ಎರಡನೆಯ ಕರೆಗೆ ದೂರದ ಗಾಡಿಯೇ ಗತಿ.

ಹತ್ತಿರದ ದವಾಖಾನೆಯಲ್ಲಿಯೇ ಉಪಚಾರ ಸಿಕ್ಕರೆ ಈ ಮೂರು ತಾಸು ಒಂದೂಕಾಲು ತಾಸಿಗೆ ಇಳಿಯುತ್ತದೆ, ಗಾಡಿ ಕೊಳ್ಳದೆಯೇ ಗಾಡಿ ಎರಡಾದಂತೆ. ಸಿಗುವುದಿಲ್ಲ, ಏಕೆಂದರೆ ಅಲ್ಲಿಯೂ ಖುರ್ಚಿಗಳು ಖಾಲಿ. ಕೇಂದ್ರ ಸರಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿ-ಅಂಶಗಳ ಪ್ರಕಾರ ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞ ಡಾಕ್ಟರರಲ್ಲಿ ಶೇಕಡಾ 80ರ ಹತ್ತಿರ ಕೊರತೆ. ಆದ್ದರಿಂದ ಆಂಬುಲೆನ್ಸ್ ತಡವಾಯಿತೆಂದು ನಾವು ಚಾಲಕನನ್ನು ಬೈಯುವಾಗ, ಅರ್ಧ ತಪ್ಪು ತಾಲೂಕಿನಲ್ಲಿ ತುಂಬದೆ ಉಳಿದ ಹುದ್ದೆಗಳದ್ದೂ ಆಗಿರುತ್ತದೆ.

ನಮ್ಮ ಗಡಿ ಭಾಗಕ್ಕೆ ಇನ್ನೊಂದು ವಿಶೇಷ ಅಡಚಣೆ. ದುಧನಿ, ತಡವಳದ ಕಡೆಯ ವಸ್ತಿಗಳಲ್ಲಿ ಮೊಬೈಲು ಒಮ್ಮೊಮ್ಮೆ ಕರ್ನಾಟಕದ ಟವರ್ ಹಿಡಿಯುತ್ತದೆ. ಆಗ 108 ಒತ್ತಿದರೆ ಕರೆ ಪುಣೆಯ ಬದಲು ಬೆಂಗಳೂರಿಗೆ ಹೋಗಬಹುದು. ಅಲ್ಲಿಯವರು ಅಫಜಲಪುರ, ಇಂಡಿ ತಾಲೂಕಿನಲ್ಲಿ ತಮ್ಮ ಊರಿನ ಹೆಸರು ಹುಡುಕುತ್ತಾರೆ, ಸಿಗುವುದಿಲ್ಲ. ಕರೆ ಪುಣೆಗೆ ಹೋದರೆ ಅಲ್ಲಿ ಮರಾಠಿ, ಹಿಂದಿ ಮಾತು. ಕನ್ನಡ ಬಿಟ್ಟು ಬೇರೆ ಬಾರದ ನಮ್ಮ ವಸ್ತಿಯ ಹಿರಿಯರು ಗಾಬರಿಯಲ್ಲಿ ಫೋನ್ ಕೆಳಗಿಡುತ್ತಾರೆ. ಜತ್ತ ತಾಲೂಕಿನ ಪೂರ್ವ ಭಾಗದಲ್ಲೂ ಇದೇ ಪಾಡು.

ಇಷ್ಟೆಲ್ಲ ಹೇಳಿದ ಮೇಲೆ, ಕಾರ್ಖಾನೆ ಏನೂ ಮಾಡಬಾರದೇ? 1948ರ ಕಾರ್ಖಾನೆ ಕಾಯ್ದೆಯಲ್ಲಿಯೇ 500ಕ್ಕೂ ಹೆಚ್ಚು ಕೆಲಸಗಾರರಿರುವಲ್ಲಿ ಆಂಬುಲೆನ್ಸ್ ಕೊಠಡಿ, ಅದಕ್ಕೆ ಸಿಬ್ಬಂದಿ ಇರಬೇಕೆಂದು ಬರೆದಿದ್ದರು. ಆದರೆ ಅದು ಗೇಟಿನ ಒಳಗಿನ ಮಾತು. ಹೊಲದಲ್ಲಿ ಕಡಿಯುವ ಟೋಳಿಯವರು, ಕೊಪ್ಪಿಯ ಹೆಂಗಸರು-ಮಕ್ಕಳು ಅದರ ಹೊರಗೇ ಉಳಿದರು. ನನ್ನ ಅಭಿಪ್ರಾಯದಲ್ಲಿ ವರ್ಷವಿಡೀ ಗಾಡಿ ನಡೆಸುವ ಹೊಣೆ ಕಾರ್ಖಾನೆಗೆ ಭಾರವಾದರೂ ಹಂಗಾಮಿನ ನಾಲ್ಕು ತಿಂಗಳು ಸಿಬ್ಬಂದಿ ಸಹಿತ ಒಂದು ಗಾಡಿ ಗೊತ್ತು ಮಾಡಿಕೊಳ್ಳುವುದು ಅಸಾಧ್ಯವಲ್ಲ. ಮೇಲಿನ ಲೆಕ್ಕದಲ್ಲಿ ಅದಕ್ಕೆ 8 ಲಕ್ಷ, ಗಾಡಿಯ ಬಾಡಿಗೆ ಬೇರೆ. ಟನ್ನಿಗೆ ಎರಡು ರೂಪಾಯಿಯ ಮಾತು. ಕಷ್ಟವಿರುವುದು ನಾಲ್ಕೇ ತಿಂಗಳ ಕೆಲಸಕ್ಕೆ ತರಬೇತಾದ ಜನ ಸಿಗುವುದರಲ್ಲಿ. ಇದ್ದ ನೌಕರಿ ಬಿಟ್ಟು ಯಾರು ಬಂದಾರು? ನಮ್ಮ ಸಭಾಸದರ ಮಕ್ಕಳಲ್ಲಿ ನರ್ಸಿಂಗ್ ಅಥವಾ ಫಾರ್ಮಸಿ ಕಲಿತು ಮನೆಯಲ್ಲಿರುವವರು ಇದ್ದರೆ ಮೊದಲು ಅವರ ಯಾದಿ ಮಾಡಬೇಕು. ವಾರ್ಷಿಕ ಸಭೆಯಲ್ಲಿ ಈ ವಿಷಯ ಎತ್ತುವವರು "ಗಾಡಿ ಯಾವಾಗ ಬರುತ್ತದೆ" ಎಂದು ಕೇಳುವ ಬದಲು "ಎಂಟು ಜನ ಎಲ್ಲಿಂದ ಬರುತ್ತಾರೆ, ಅವರ ಸಂಬಳ ಯಾವ ಖಾತೆಯಿಂದ" ಎಂದು ಕೇಳಿದರೆ ಚರ್ಚೆ ನೆಟ್ಟಗೆ ನಡೆದೀತು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಹಾವು ಕಡಿದಾಗ ಕೊಯ್ಯಬೇಡಿರಿ, ಬಿಗಿಯಾಗಿ ಹಗ್ಗ ಕಟ್ಟಬೇಡಿರಿ, ಮಂತ್ರದವರಲ್ಲಿಗೆ ಒಯ್ದು ವೇಳೆ ಕಳೆಯಬೇಡಿರಿ. ಉಂಗುರ, ಕಾಲ್ಕಡಗ ತೆಗೆದು, ಕಡಿದ ಅಂಗ ಅಲುಗದಂತೆ ಕಟ್ಟಿಗೆಯ ಆಸರೆ ಕೊಟ್ಟು, ರೋಗಿಯನ್ನು ನಡೆಸದೆ ಒಯ್ಯಿರಿ. ಕಡಿದ ವೇಳೆ ಬರೆದಿಡಿರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸರ್ಪವಿಷದ ಇಂಜೆಕ್ಷನ್ ಇದೆಯೇ ಎಂದು ಹಂಗಾಮಿನ ಮೊದಲೇ ಹೋಗಿ ವಿಚಾರಿಸಿರಿ. ಮೊದಲ ಡೋಸಿಗೇ ಸುಮಾರು 10 ಬಾಟಲಿ ಬೇಕಾಗುತ್ತವೆ, ಆದ್ದರಿಂದ ಎರಡು ಬಾಟಲಿ ಇದ್ದರೆ ಇದ್ದಂತಲ್ಲ.

108ಕ್ಕೆ ಫೋನ್ ಮಾಡಿದೊಡನೆ ಮೊದಲು ರಾಜ್ಯ ಮತ್ತು ಜಿಲ್ಹಾ ಹೇಳಿರಿ: ಮಹಾರಾಷ್ಟ್ರ, ಸೋಲಾಪುರ. ನಂತರ ತಾಲೂಕು, ಊರು, ಡಾಂಬರ ರಸ್ತೆಯಲ್ಲಿ ಗಾಡಿ ನಿಲ್ಲಬೇಕಾದ ಗುರುತು. ವಸ್ತಿಯವರೆಗೆ ಗಾಡಿ ಬರಲೆಂದು ಕಾಯದೆ ರೋಗಿಯನ್ನು ಆ ಗುರುತಿಗೆ ತಂದಿಟ್ಟುಕೊಂಡರೆ ಹತ್ತು ನಿಮಿಷ ಉಳಿಯುತ್ತದೆ. ರಾತ್ರಿಯಾದರೆ ಒಬ್ಬನು ಬ್ಯಾಟರಿ ಹಿಡಿದು ರಸ್ತೆಯಲ್ಲಿ ನಿಲ್ಲಲಿ. ಈ ವಿವರವನ್ನೆಲ್ಲ ಮರಾಠಿಯಲ್ಲೂ ಕನ್ನಡದಲ್ಲೂ ಒಂದು ಚೀಟಿಯಲ್ಲಿ ಬರೆದು ಮನೆಯ ಬಾಗಿಲಿಗೂ, ತಮ್ಮ ಹೊಲದಲ್ಲಿ ಇಳಿದ ಟೋಳಿಯ ಮುಕಾದಮನ ಕೊಪ್ಪಿಗೂ ಅಂಟಿಸಿರಿ. ಪರ ಜಿಲ್ಹೆಯಿಂದ ಬಂದ ಆ ಜನಕ್ಕೆ ತಾವು ನಿಂತ ಹೊಲದ ಊರು ಯಾವುದೆಂದೂ ಗೊತ್ತಿರುವುದಿಲ್ಲ.